ಪರಾವಲಂಬಿ ಹೂಗಳು: ಕಾಡಿನಲ್ಲಿ ಅಪರೂಪ, ಜೋಳದ ಹೊಲದಲ್ಲಿ ಪಿಡುಗು

ಜಗತ್ತಿನಲ್ಲೇ ಅತಿ ದೊಡ್ಡ ಹೂವು ಸುಮಾತ್ರಾ ದ್ವೀಪದ ಮಳೆಕಾಡಿನ ರಾಫ್ಲೀಸಿಯಾ. ಅರಳಿದಾಗ ಇದರ ಅಗಲ ಸುಮಾರು ಒಂದು ಮೀಟರು. ಇದಕ್ಕೆ ಎಂಥ ಮಣ್ಣು ಬೇಕೆಂದು ಕೇಳಿದರೆ, ಮಣ್ಣೇ ಬೇಕಿಲ್ಲ ಎಂದು ಹೇಳಬೇಕಾಗುತ್ತದೆ. ಬೇರು, ಕಾಂಡ, ಎಲೆ ಯಾವುದೂ ಇಲ್ಲದ ಈ ಸಸ್ಯ ದ್ರಾಕ್ಷಿ ಕುಟುಂಬದ ಒಂದು ಕಾಡುಬಳ್ಳಿಯೊಳಗೆ ಬಾಳುತ್ತದೆ. ನಮ್ಮ ಪಶ್ಚಿಮ ಘಟ್ಟದ ಬಲನೋಫೋರಾ ಕೂಡ ಮರಗಳ ಬೇರಿಗೆ ಅಂಟಿಕೊಂಡು, ನೆರಳು ಮತ್ತು ತೇವವಿರುವ ತರಗಿನ ನಡುವೆ ಹೂ ಬಿಡುತ್ತದೆ. ಆಸರೆಯ ಗಿಡ ಹೋದರೆ ಇವೂ ಹೋಗುತ್ತವೆ. ಆದ್ದರಿಂದಲೇ ಇವು ಅಪರೂಪ.

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಭಾಗದಲ್ಲಿ ಮಳೆಕಾಡಿಲ್ಲ. ಆದರೆ ಬೇರಿಗೆ ಅಂಟಿ ಬದುಕುವ ಹೂವು ಒಣ ಬೇಸಾಯದ ರೈತರಿಗೆ ಹೊಸದಲ್ಲ. ಅದೇ ಸ್ಟ್ರೈಗಾ, ಅಂದರೆ ಬಿಳಿ ಕಸ. ಇದು ಜೋಳ, ಸಜ್ಜೆ, ಮೆಕ್ಕೆಜೋಳ ಮತ್ತು ಕಬ್ಬಿನ ಬೇರುಗಳಿಗೆ ಅಂಟಿಕೊಳ್ಳುತ್ತದೆ. ಎಲೆ ಹಸಿರಾಗಿದ್ದರೂ ನೀರು, ಲವಣಗಳನ್ನು ಬೆಳೆಯಿಂದಲೇ ಹೀರುತ್ತದೆ.

ಎಂಥ ನೆಲದಲ್ಲಿ ಹೆಚ್ಚು?

ಸಾರಜನಕ ಕಡಿಮೆಯಿರುವ ಸವಕಲು ಭೂಮಿ, ಬೇಗ ಒಣಗುವ ಹಗುರ ಮಸಾರಿ ಮಣ್ಣು, ವರ್ಷ ವರ್ಷವೂ ಜೋಳವನ್ನೇ ಬಿತ್ತುವ ಹೊಲ — ಇವು ಬಿಳಿ ಕಸಕ್ಕೆ ಅನುಕೂಲ. ನೀರು ನಿಲ್ಲಿಸಿ ಭತ್ತ ಬೆಳೆಯುವ ಸಿರುಗುಪ್ಪದ ಗದ್ದೆಗಳಲ್ಲಿ ಇದು ಬಾಳಲಾರದು.

ಇದಕ್ಕೆ ಕಾರಣವುಂಟು. ರಂಜಕ ಸಾಲದ ನೆಲದಲ್ಲಿ ಬೆಳೆಯ ಬೇರು ಉಪಕಾರಿ ಶಿಲೀಂಧ್ರಗಳನ್ನು ಕರೆಯಲು ಸ್ಟ್ರೈಗೊಲ್ಯಾಕ್ಟೋನ್ ಎಂಬ ರಸವನ್ನು ಹೆಚ್ಚಾಗಿ ಸ್ರವಿಸುತ್ತದೆ. ಈ ಸಂಗತಿ 2005ರಲ್ಲಿ ತಿಳಿದುಬಂದಿತು. ತೇವದಲ್ಲಿ ಒಂದೆರಡು ವಾರ ನೆನೆದ ಬಿಳಿ ಕಸದ ಬೀಜ ಅದೇ ರಸದ ಸುಳಿವು ಹಿಡಿದು ಮೊಳೆಯುತ್ತದೆ. ಹಸಿದ ಬೆಳೆ ನೆಂಟನನ್ನು ಕರೆದರೆ ಕಳ್ಳನೂ ಜೊತೆಗೆ ಬರುತ್ತಾನೆ!

ಬೀಜ ಧೂಳಿನಂತೆ ಸಣ್ಣದು. ಒಂದೇ ಗಿಡ ಹತ್ತಾರು ಸಾವಿರ ಬೀಜ ಉದುರಿಸುತ್ತದೆ. ಅವು ಮಣ್ಣಿನಲ್ಲಿ 10 ವರ್ಷಕ್ಕೂ ಮಿಕ್ಕಿ ಜೀವ ಹಿಡಿದಿರಬಲ್ಲವು. ಗಿಡ ಮೇಲೆ ಕಾಣುವ ಮೊದಲೇ ಹಲವು ವಾರ ನೆಲದೊಳಗಿದ್ದು ಬೆಳೆಯನ್ನು ಸೊರಗಿಸಿರುತ್ತದೆ. ಹಸಿಯಿದ್ದರೂ ಜೋಳ ಬಾಡಿದಂತೆ ಕಂಡರೆ ಬುಡವನ್ನು ಬಗೆದು ನೋಡಿರಿ.

ರೈತರು ಮಾಡಬೇಕಾದುದು

1. ಬೆಳೆ ಬದಲಾಯಿಸಿರಿ. ಈ ರಸದ ಮೊದಲ ವಸ್ತುವನ್ನು 1966ರಲ್ಲಿ ಬೇರ್ಪಡಿಸಿದ್ದು ಹತ್ತಿಯ ಬೇರಿನಿಂದ. ಹತ್ತಿ ಬಿಳಿ ಕಸದ ಬೀಜವನ್ನು ಮೊಳೆಯಿಸುತ್ತದೆ, ಆದರೆ ಆಸರೆ ಕೊಡುವುದಿಲ್ಲ, ಮೊಳಕೆ ಸಾಯುತ್ತದೆ. ಶೇಂಗಾ, ಅಲಸಂದೆ ಬೆಳೆಗಳೂ ಹೀಗೆಯೇ ನೆರವಾಗುತ್ತವೆ. ಒಂದೇ ವರ್ಷದಲ್ಲಿ ಹೊಲ ಶುದ್ಧವಾಗದು, ಸತತವಾಗಿ ಮಾಡಬೇಕು.

2. ಮಣ್ಣು ಪರೀಕ್ಷೆ ಮಾಡಿಸಿ, ಶಿಫಾರಸಿನಂತೆ ಸಾರಜನಕ, ರಂಜಕ ಒದಗಿಸಿರಿ. ತಿಪ್ಪೆಗೊಬ್ಬರವನ್ನು ಚೆನ್ನಾಗಿ ಕಳಿಸಿ ಹಾಕಿರಿ.

3. ಹೂ ಬಿಡುವ ಮೊದಲೇ ಕಿತ್ತುಹಾಕಿರಿ. ಹೂ, ಕಾಯಿ ಬಂದ ಗಿಡವನ್ನು ಬದುವಿನ ಮೇಲೆ ಎಸೆಯಬಾರದು, ದನಗಳಿಗೂ ಹಾಕಬಾರದು. ಬೀಜ ಸಗಣಿಯ ಮೂಲಕ ಮತ್ತೆ ಹೊಲ ಸೇರುತ್ತದೆ. ಸುಟ್ಟುಬಿಡುವುದೇ ಲೇಸು.

4. ಪಿಡುಗು ಇರುವ ಹೊಲದಲ್ಲಿ ಬಳಸಿದ ಕುಂಟೆ, ನೇಗಿಲನ್ನು ತೊಳೆದ ನಂತರವೇ ಬೇರೆ ಹೊಲಕ್ಕೆ ಒಯ್ಯಿರಿ.

5. 2,4-ಡಿ ಕಳೆನಾಶಕದ ಗಾಳಿ ಹತ್ತಿಗೆ ತಗುಲಿದರೆ ಎಲೆ ಮುರುಟಿ ಬೆಳೆ ಕೆಡುತ್ತದೆ. ಪಕ್ಕದಲ್ಲಿ ಹತ್ತಿಯಿದ್ದರೆ ಸಿಂಪಡಿಸಬೇಡಿರಿ. ಬಳಸುವ ಮುನ್ನ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ.

ಕಾಡಿನ ಪರಾವಲಂಬಿ ಉಳಿಯಲು ಅದರ ಆಸರೆ ಉಳಿಯಬೇಕು. ಹೊಲದ ಪರಾವಲಂಬಿ ಅಳಿಯಲು ಅದಕ್ಕೆ ಆಸರೆ ಸಿಗದಂತೆ ಮಾಡಬೇಕು. ಈ ವರ್ಷ ನಾಲ್ಕು ಬಿಳಿ ಹೂ ಕಂಡರೆ ಉದಾಸೀನ ಬೇಡ. ಇಂದು ಅವನ್ನು ಕೀಳಲು ಒಂದು ಗಳಿಗೆ ಸಾಕು. ಬಿಟ್ಟರೆ ನಿಮ್ಮ ಮಕ್ಕಳೂ ಕೀಳುತ್ತಿರಬೇಕಾದೀತು.