ಓರೆಯಾದ ಶಿಲುಬೆಯ ಕಿರೀಟ

ಹಂಗೆರಿ ದೇಶದ ರಾಷ್ಟ್ರಲಾಂಛನವನ್ನು ಮೊದಲ ಬಾರಿಗೆ ನೋಡುವವರಿಗೆ, ಅದನ್ನು ಬರೆದ ಚಿತ್ರಕಾರನ ಕೈ ಕೊನೆಯಲ್ಲಿ ನಡುಗಿತೋ ಏನೋ ಎಂಬ ಸಂದೇಹವು ಹುಟ್ಟದೆ ಇರದು. ಗುರಾಣಿಯ ಒಂದು ಪಾರ್ಶ್ವದಲ್ಲಿ ಕೆಂಪು ಬಿಳುಪಿನ ಪಟ್ಟೆಗಳು. ಇನ್ನೊಂದು ಪಾರ್ಶ್ವದಲ್ಲಿ ಮೂರು ಹಸುರು ಗುಡ್ಡಗಳ ಮೇಲೆ ನಿಂತಿರುವ, ಎರಡು ಅಡ್ಡಪಟ್ಟಿಗಳುಳ್ಳ ಬಿಳಿಯ ಶಿಲುಬೆ. ಎಲ್ಲಕ್ಕೂ ಮೇಲೆ ಒಂದು ಸುವರ್ಣಕಿರೀಟ. ಇಷ್ಟೆಲ್ಲವೂ ಅಳತೆ ತಪ್ಪದೆ ನೇರವಾಗಿರುವಾಗ, ಆ ಕಿರೀಟದ ನೆತ್ತಿಯ ಪುಟ್ಟ ಶಿಲುಬೆಯೊಂದು ಮಾತ್ರ ಓರೆಯಾಗಿ ವಾಲಿಕೊಂಡಿರುವುದು. ಇದು ಚಿತ್ರಕಾರನ ಪ್ರಮಾದವಲ್ಲ. ನಿಜವಾದ ಕಿರೀಟದ ಮೇಲಣ ಶಿಲುಬೆಯೂ ಹಾಗೆಯೇ ಬಾಗಿದೆ. ಹದಿನೇಳನೆಯ ಶತಮಾನದಲ್ಲಿ ಪೆಟ್ಟಿಗೆಯೊಳಗಿದ್ದಾಗ ತಗುಲಿದ ಪೆಟ್ಟಿನಿಂದ ಅದು ಬಾಗಿರಬೇಕೆಂದು ವಿದ್ವಾಂಸರು ಊಹಿಸುವರು. ಅದನ್ನು ನೆಟ್ಟಗೆ ಮಾಡುವುದು ಅಕ್ಕಸಾಲಿಗನಿಗೆ ಅರ್ಧಗಳಿಗೆಯ ಕೆಲಸ. ಆದರೂ ಹಂಗೆರಿಯವರು ಅದನ್ನು ಹಾಗೆಯೇ ಉಳಿಸಿಕೊಂಡರು. ಲಾಂಛನದಲ್ಲಿಯೂ ಹಾಗೆಯೇ ಬರೆಯುತ್ತ ಬಂದರು. ಇದರ ಕಾರಣವನ್ನು ತಿಳಿಯಬೇಕಾದರೆ ಆ ಕಿರೀಟವು ಪಟ್ಟ ಪಾಡನ್ನೇ ತಿಳಿಯಬೇಕು.

ಮಜ್ಯಾರರೆಂಬ ಜನರು ಪೂರ್ವದಿಕ್ಕಿನಿಂದ ಬಂದು ಡ್ಯಾನ್ಯೂಬ್ ನದಿಯ ಬಯಲಿನಲ್ಲಿ ನೆಲೆಸಿದ್ದು ಒಂಬತ್ತನೆಯ ಶತಮಾನದ ಕೊನೆಯಲ್ಲಿ. ಅವರ ಮೊದಲನೆಯ ಕ್ರೈಸ್ತ ದೊರೆಯಾದ ಸ್ಟೀಫನ್ನನು 1000ನೆಯ ವರ್ಷದ ಅಂತ್ಯದಲ್ಲಿಯೋ 1001ರ ಆದಿಯಲ್ಲಿಯೋ ಪಟ್ಟಾಭಿಷಿಕ್ತನಾದನು. ಪೋಪ್ ಎರಡನೆಯ ಸಿಲ್ವೆಸ್ಟರನು ಕಳುಹಿಸಿಕೊಟ್ಟ ಕಿರೀಟವೇ ಇದೆಂದು ಜನರ ನಂಬುಗೆ. ಆದರೆ ಸಂಶೋಧಕರು ಹೇಳುವುದೇ ಬೇರೆ. ಇದರ ಕೆಳಗಿನ ಬಳೆಯು ಗ್ರೀಕ್ ಕೆಲಸ. ಬೈಜಾಂಟಿಯಮ್ಮಿನ ಚಕ್ರವರ್ತಿ ಏಳನೆಯ ಮೈಕೇಲ್ ಡೂಕಾಸನ ಚಿತ್ರವೂ, ಹಂಗೆರಿಯ ದೊರೆ ಗೇಜನ ಚಿತ್ರವೂ ಬಣ್ಣದ ಮೀನಾಕೆಲಸದಲ್ಲಿ ಅದರ ಮೇಲೆ ಮೂಡಿರುವುದರಿಂದ, ಆ ಭಾಗವು 1070ರ ದಶಕದ್ದೆಂದು ಗೊತ್ತಾಗುವುದು. ಅದರ ಮೇಲೆ ಅಡ್ಡಹಾಯ್ದು ಕೂಡಿರುವ ಪಟ್ಟಿಗಳಲ್ಲಿ ಏಸುವಿನ ಶಿಷ್ಯರ ಚಿತ್ರಗಳೂ ಲ್ಯಾಟಿನ್ ಅಕ್ಷರಗಳೂ ಇವೆ. ಹೀಗೆ ಪೂರ್ವ ಪಶ್ಚಿಮಗಳೆರಡರ ಕೈಗೆಲಸವೂ ಒಂದೇ ಕಿರೀಟದಲ್ಲಿ ಸೇರಿಕೊಂಡಿರುವುದು. ಸ್ಟೀಫನ್ನನ ತಲೆಯನ್ನು ಈ ಕಿರೀಟವು ಮುಟ್ಟಿರಲಾರದು. ಆದರೂ ಇದು ಅವನ ಹೆಸರಿನಿಂದಲೇ ಪವಿತ್ರವಾಯಿತು.

ಬೇರೆ ದೇಶಗಳಲ್ಲಿ ಕಿರೀಟವು ದೊರೆಯ ಸೊತ್ತು. ಹಂಗೆರಿಯಲ್ಲಾದರೋ ದೊರೆಯೇ ಕಿರೀಟದ ಸೇವಕನೆಂಬ ಭಾವನೆಯು ಬೆಳೆಯಿತು. ರಾಜ್ಯವೂ ಅದರ ನೆಲವೂ ಕಿರೀಟಕ್ಕೆ ಸೇರಿದವು. ಪಟ್ಟಾಭಿಷೇಕವು ಸೇಕೆಶ್‌ಫೆಹೆರ್ವಾರ್ ನಗರದಲ್ಲಿ, ಎಸ್ತರ್‌ಗೋಮಿನ ಮಹಾಧರ್ಮಾಧ್ಯಕ್ಷನ ಕೈಯಿಂದ, ಈ ಕಿರೀಟದಿಂದಲೇ ಆಗಬೇಕು. ಮೂರರಲ್ಲಿ ಒಂದು ತಪ್ಪಿದರೂ ಜನರು ಅವನನ್ನು ಪೂರ್ಣ ದೊರೆಯೆಂದು ಒಪ್ಪುತ್ತಿರಲಿಲ್ಲ. ಚಾರ್ಲ್ಸ್ ರಾಬರ್ಟನೆಂಬ ದೊರೆಯು 1301ರಲ್ಲಿ ಒಮ್ಮೆ, 1309ರಲ್ಲಿ ಒಮ್ಮೆ ಬೇರೆ ಕಿರೀಟಗಳನ್ನು ಧರಿಸಿ, ಫಲ ಕಾಣದೆ, 1310ರಲ್ಲಿ ಈ ಕಿರೀಟವು ದೊರೆತ ಮೇಲೆ ಮೂರನೆಯ ಬಾರಿ ಪಟ್ಟವೇರಬೇಕಾಯಿತು. ಕಾಲಾಂತರದಲ್ಲಿ ಎರಡನೆಯ ಜೋಸೆಫ್ ಚಕ್ರವರ್ತಿಯು ಪಟ್ಟಾಭಿಷೇಕವೇ ಬೇಡವೆಂದು ಬಿಟ್ಟು, 1784ರಲ್ಲಿ ಕಿರೀಟವನ್ನು ವಿಯೆನ್ನಾ ನಗರಕ್ಕೆ ಒಯ್ದಿಟ್ಟನು. ಹಂಗೆರಿಯವರು ಅವನಿಗೆ “ಟೋಪಿಯ ದೊರೆ” ಎಂದು ಹೆಸರಿಟ್ಟರು!

ಇಂತಹ ಕಿರೀಟವನ್ನು ಒಮ್ಮೆ ಕದ್ದವರು ಯಾರೆಂದು ಬಲ್ಲಿರಾ? ದಳಪತಿಯಲ್ಲ, ದರೋಡೆಗಾರನೂ ಅಲ್ಲ. ಅರಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಒಬ್ಬ ಗೃಹಿಣಿ.

1439ರ ಅಕ್ಟೋಬರಿನಲ್ಲಿ ಆಲ್ಬರ್ಟ್ ದೊರೆಯು ತೀರಿಕೊಂಡನು. ರಾಣಿ ಎಲಿಜಬೆತ್ ಆಗ ಗರ್ಭಿಣಿ. ತುರ್ಕರ ಭಯದಲ್ಲಿದ್ದ ಸರದಾರರಿಗೆ ಯುದ್ಧಮಾಡಬಲ್ಲ ದೊರೆಯು ಬೇಕಾಗಿದ್ದನು. ರಾಣಿಯು ಪೋಲೆಂಡಿನ ತರುಣ ರಾಜನನ್ನು ವರಿಸಬೇಕೆಂದು ಅವರು ಒತ್ತಾಯಪಡಿಸಿದರು. ಹುಟ್ಟಲಿರುವುದು ಗಂಡುಮಗುವೇ ಎಂದು ರಾಣಿಗೆ ದೃಢವಾದ ವಿಶ್ವಾಸ. ಕಿರೀಟವು ವಿಶೆಗ್ರಾಡಿನ ಬೆಟ್ಟದ ಕೋಟೆಯಲ್ಲಿತ್ತು. ಅದನ್ನು ಗುಟ್ಟಾಗಿ ತರುವಂತೆ ಅವಳು ತನ್ನ ಪುಟ್ಟ ಮಗಳ ದಾದಿಯಾದ ಹೆಲೆನ್ ಕೊಟ್ಟಾನ್ನರಳನ್ನು ಬೇಡಿಕೊಂಡಳು. ನಮ್ಮಲ್ಲಿ “ಕೂಸು ಹುಟ್ಟುವ ಮುನ್ನ ಕುಲಾವಿ” ಎಂದು ಹಾಸ್ಯಮಾಡುವುದುಂಟು. ಆ ತಾಯಿಯು ಕೂಸು ಹುಟ್ಟುವ ಮುನ್ನ ಕಿರೀಟವನ್ನೇ ಸಿದ್ಧಪಡಿಸಹೊರಟಳು.

ಹೆಲೆನಳೂ ಮಕ್ಕಳೊಂದಿಗಳು. ಸಿಕ್ಕಿಬಿದ್ದರೆ ತನ್ನ ಗತಿಯೇನು, ಮಕ್ಕಳ ಗತಿಯೇನು ಎಂದು ಅವಳು ನಡುಗಿದಳು. ಆದರೂ ಒಪ್ಪಿಕೊಂಡಳು. 1440ನೆಯ ಫೆಬ್ರವರಿಯಲ್ಲಿ, ರಾಣಿಯ ಸಖಿಯರನ್ನು ಕರೆತರುವ ನೆವದಿಂದ ಒಬ್ಬ ಸಹಾಯಕನೊಡನೆ ಕೋಟೆಯನ್ನು ಹೊಕ್ಕಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ಸಹಾಯಕನು ಅರದಿಂದ ಬೀಗಗಳನ್ನು ಉಜ್ಜಿ ಕತ್ತರಿಸುತ್ತಿದ್ದರೆ, ಹೆಲೆನಳು ಹೊರಗೆ ಮೊಣಕಾಲೂರಿ, ಪ್ರತಿಯೊಂದು ಸಪ್ಪಳಕ್ಕೂ ಬೆಚ್ಚುತ್ತ, ದೇವರನ್ನು ಪ್ರಾರ್ಥಿಸುತ್ತಿದ್ದಳು. ಕಿರೀಟವು ಕೈಸೇರಿತು. ಬಾಗಿಲುಗಳಿಗೆ ಹೊಸ ಬೀಗಗಳನ್ನು ಹಾಕಿ, ರಾಣಿಯ ಮುದ್ರೆಯನ್ನೊತ್ತಿದರು. ಅರಗಳನ್ನು ಪಾಯಿಖಾನೆಯೊಳಗೆ ಎಸೆದರು. ಕೆಂಪು ಮಖಮಲ್ಲಿನ ಒಂದು ದಿಂಬನ್ನು ಬಿಚ್ಚಿ, ತುಪ್ಪಳವನ್ನು ಸ್ವಲ್ಪ ಹೊರತೆಗೆದು, ಕಿರೀಟವನ್ನು ಒಳಗಿಟ್ಟು ಹೊಲಿದುಬಿಟ್ಟರು.

ಮರುದಿನ ಜಾರುಬಂಡಿಯಲ್ಲಿ ಪ್ರಯಾಣ. ಹೆಪ್ಪುಗಟ್ಟಿದ ಡ್ಯಾನ್ಯೂಬನ್ನು ದಾಟುವಾಗ ಹಿಮದ ಹಾಸು ಬಿರಿದು, ಸಖಿಯರಿದ್ದ ಬಂಡಿಯು ನೀರಿಗೆ ಉರುಳಿತು. ಕೂಗಾಟ, ಕತ್ತಲೆ, ಕೊರೆಯುವ ಚಳಿ! ದೈವಕೃಪೆಯಿಂದ ಎಲ್ಲರೂ ಬದುಕಿದರು, ದಿಂಬೂ ಉಳಿಯಿತು. ಕೊಮಾರೋಮ್ ಕೋಟೆಯನ್ನು ಸೇರಿದ ಆ ರಾತ್ರಿಯೇ ರಾಣಿಯು ಗಂಡುಮಗುವನ್ನು ಹೆತ್ತಳು. ಆ ಕೂಸಿಗೆ ಹನ್ನೆರಡು ವಾರವಾದಾಗ ಸೇಕೆಶ್‌ಫೆಹೆರ್ವಾರಿನಲ್ಲಿ ಪಟ್ಟಾಭಿಷೇಕವು ನಡೆಯಿತು. ಕೂಸಿನ ಪಟ್ಟದ ಉಡುಪನ್ನು ಹೊಲಿದವಳೂ ಹೆಲೆನಳೇ. ಮುಂದೆ ಇದೆಲ್ಲವನ್ನೂ ಅವಳು ಜರ್ಮನ್ ಭಾಷೆಯಲ್ಲಿ ನೆನಪಿನ ಪುಸ್ತಕವಾಗಿ ಬರೆಸಿಟ್ಟಳು. ಮಧ್ಯಯುಗದ ಸ್ತ್ರೀಯೊಬ್ಬಳ ಇಂತಹ ಆತ್ಮವೃತ್ತಾಂತಗಳು ಬಹು ವಿರಳ.

ಆದರೆ ಸರದಾರರು ಸುಮ್ಮನಾಗಲಿಲ್ಲ. ಅದೇ ವರ್ಷದ ಜುಲೈ ತಿಂಗಳಲ್ಲಿ ಅವರು ಪೋಲೆಂಡಿನ ರಾಜನಿಗೆ ಬೇರೊಂದು ಕಿರೀಟವನ್ನು ತೊಡಿಸಿ, ಪಟ್ಟದ ಬಲವಿರುವುದು ಪ್ರಜೆಗಳ ಒಪ್ಪಿಗೆಯಲ್ಲಿ ಎಂದು ಸಾರಿದರು. ದೇಶದಲ್ಲಿ ಅಂತಃಕಲಹವು ಹೊತ್ತಿಕೊಂಡಿತು. ಹಣಕ್ಕಾಗಿ ಕಂಗೆಟ್ಟ ರಾಣಿಯು ಕಿರೀಟವನ್ನು ಜರ್ಮನಿಯ ಫ್ರೆಡರಿಕ್ ದೊರೆಯ ಬಳಿ ಒತ್ತೆಯಿಟ್ಟು, ಬಿಡಿಸಿಕೊಳ್ಳುವ ಮೊದಲೇ ಕಣ್ಮುಚ್ಚಿದಳು. ಅದನ್ನು ಬಿಡಿಸಿ ತಂದವನು ಮಾತ್ಯಾಶ್ ದೊರೆ. 1463ರಲ್ಲಿ, 80,000 ಹೊನ್ನುಗಳನ್ನು ತೆತ್ತು. ತಾಯಿಯ ಮಮತೆಯು ಕದ್ದು ತಂದುದನ್ನು ಕೊನೆಗೆ ಇಡೀ ದೇಶವು ಬೆಲೆತೆತ್ತು ಕೊಳ್ಳಬೇಕಾಯಿತು.

ಅಲ್ಲಿಂದ ಮುಂದೆಯೂ ಅದಕ್ಕೆ ವಿಶ್ರಾಂತಿಯಿಲ್ಲ. 1849ರಲ್ಲಿ ಸ್ವಾತಂತ್ರ್ಯಸಮರವು ಸೋತಾಗ, ಪ್ರಧಾನಿ ಸೆಮೆರೆಯು ಅದನ್ನು ಗಡಿಯ ಓರ್ಶೊವಾ ಪಟ್ಟಣದ ಬಳಿ ನೆಲದಲ್ಲಿ ಹೂಳಿಸಿದನು. ನಾಲ್ಕು ವರ್ಷಗಳ ಮೇಲೆ ಆಸ್ಟ್ರಿಯದವರು ಅದನ್ನು ಅಗೆದು ತೆಗೆದರು. 1916ರ ಡಿಸೆಂಬರ್ 30ರಂದು ನಾಲ್ಕನೆಯ ಚಾರ್ಲ್ಸನು ಅದನ್ನು ಧರಿಸಿದ ಕೊನೆಯ ದೊರೆಯಾದನು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಅದನ್ನು ಆಸ್ಟ್ರಿಯದ ಮಾಟ್‌ಸೇ ಎಂಬಲ್ಲಿ ಹೂತಿಟ್ಟಿದ್ದರು. ಅಲ್ಲಿಂದ ಅದು ಅಮೆರಿಕದ ಸೈನ್ಯದ ವಶವಾಗಿ, ಫೋರ್ಟ್ ನಾಕ್ಸಿನ ಭದ್ರಕೋಟೆಯನ್ನು ಸೇರಿತು. 1978ರ ಜನವರಿ 6ರಂದು ಅದನ್ನು ಹಂಗೆರಿಯ ಜನತೆಗೆ ಮರಳಿ ಒಪ್ಪಿಸಲಾಯಿತು.

ಆ ನಡುವಣ ಕಾಲದಲ್ಲಿ ಕಿರೀಟವು ಲಾಂಛನದಿಂದಲೂ ಮಾಯವಾಗಿತ್ತು. 1949ರಲ್ಲಿ ಕಮ್ಯೂನಿಸ್ಟ್ ಸರಕಾರವು ಸುತ್ತಿಗೆ, ಗೋಧಿಯ ತೆನೆ, ಕೆಂಪು ನಕ್ಷತ್ರಗಳ ಹೊಸ ಲಾಂಛನವನ್ನು ಕೆಂಪು ಬಿಳುಪು ಹಸುರಿನ ಧ್ವಜದ ನಡುವೆ ಇರಿಸಿತು. 1956ರ ಅಕ್ಟೋಬರಿನಲ್ಲಿ ಜನರು ದಂಗೆಯೆದ್ದಾಗ ಧ್ವಜವನ್ನು ಸುಡಲಿಲ್ಲ. ನಡುವಿನ ಲಾಂಛನವನ್ನು ಮಾತ್ರ ಕತ್ತರಿಸಿ ತೆಗೆದರು. ತೂತುಬಿದ್ದ ಆ ಬಾವುಟವೇ ಅವರ ದಂಗೆಯ ಗುರುತಾಯಿತು. ದಂಗೆಯು ಅಡಗಿಸಲ್ಪಟ್ಟಿತು, ಆದರೆ 1990ರ ಜುಲೈ ತಿಂಗಳಲ್ಲಿ ಹಳೆಯ ಲಾಂಛನವು ಓರೆಯ ಶಿಲುಬೆಯ ಸಮೇತ ಮರಳಿ ಬಂದಿತು.

ಈಗ ಆ ದೇಶವು ಗಣರಾಜ್ಯ. ಕಿರೀಟವನ್ನು ಧರಿಸುವ ತಲೆಯೇ ಇಲ್ಲ. ಆದರೂ 2000ನೆಯ ಜನವರಿ 1ರಂದು ಅದನ್ನು ವಸ್ತುಸಂಗ್ರಹಾಲಯದಿಂದ ಬುಡಾಪೆಸ್ಟಿನ ಪಾರ್ಲಿಮೆಂಟ್ ಭವನಕ್ಕೆ ತಂದು, ಗುಮ್ಮಟದ ಕೆಳಗೆ ಇರಿಸಿದರು. ಗಣರಾಜ್ಯಕ್ಕೆ ರಾಜನ ಕಿರೀಟವೇಕೆ ಎಂದು ಆಕ್ಷೇಪಿಸಿದವರೂ ಆ ದೇಶದಲ್ಲಿ ಉಂಟು. ಅವರ ಮಾತಿನಲ್ಲಿಯೂ ನ್ಯಾಯವಿದೆ. ಪ್ರತಿವರ್ಷ ಆಗಸ್ಟ್ 20ರಂದು, ಸ್ಟೀಫನ್ನನ ಹಬ್ಬದ ದಿವಸ, ಹೊಸ ಗೋಧಿಯ ರೊಟ್ಟಿಗೆ ಮೂರು ಬಣ್ಣಗಳ ಪಟ್ಟಿಯನ್ನು ಕಟ್ಟಿ, ಕೊಯ್ದು ಹಂಚುವರು.

ಮನೆಯಲ್ಲಿ ಅಜ್ಜಿಯ ಕಾಲದ ಪಾತ್ರೆಯೊಂದು ತಗ್ಗುಬಿದ್ದಿದ್ದರೆ, ಅದನ್ನು ಕರಗಿಸಿ ಹೊಸದು ಮಾಡಿಸಲು ನಮಗೆ ಮನಸ್ಸು ಬಾರದು. ಆ ತಗ್ಗಿನಲ್ಲಿಯೇ ಅಜ್ಜಿಯ ನೆನಪು ಅಡಗಿರುವುದು. ಕದಿಯಲ್ಪಟ್ಟು, ಒತ್ತೆಬಿದ್ದು, ಎರಡು ಸಲ ಮಣ್ಣಿನಲ್ಲಿ ಹೂಳಲ್ಪಟ್ಟು, ಕಡಲನ್ನು ದಾಟಿ ಮನೆಗೆ ಬಂದ ಕಿರೀಟದ ಶಿಲುಬೆಯು ಓರೆಯಾಗಿದ್ದರೆ ಆಶ್ಚರ್ಯವೇನು? ಅದನ್ನು ನೆಟ್ಟಗೆ ಮಾಡಲು ಹಂಗೆರಿಯವರಿಗೂ ಮನಸ್ಸು ಬಂದಿಲ್ಲ.