‘ಮಾರಿಸ್’ನ ಕೊನೆ ಸುಳ್ಳಾ, ನಿಜಾನಾ? ನೂರು ವರ್ಷದ ಒಂದು ಜಗಳ

ಇ. ಎಂ. ಫಾರ್‌ಸ್ಟರ್ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ‘ಎ ಪ್ಯಾಸೇಜ್ ಟು ಇಂಡಿಯಾ’. 1924ರಲ್ಲಿ ಬಂದ ಆ ಪುಸ್ತಕದ ನಂತರ 1970ರಲ್ಲಿ ತೀರಿಕೊಳ್ಳುವವರೆಗೂ ಅವರು ಇನ್ನೊಂದು ಕಾದಂಬರಿ ಪ್ರಕಟಿಸಲಿಲ್ಲ. ಆದ್ರೆ ಅವರ ಹತ್ತಿರ ಬರೆದು ಮುಗಿಸಿದ್ದ ಒಂದು ಕಾದಂಬರಿ ಇತ್ತು. ಅದರ ಹೆಸರು ‘ಮಾರಿಸ್’. 1913ರಲ್ಲಿ ಶುರು ಮಾಡಿ 1914ರಲ್ಲಿ ಮುಗಿಸಿದ್ದು, ಆಮೇಲೆ ಹಲವು ಸಲ ತಿದ್ದಿದ್ದು. ಅದು ಪ್ರಿಂಟ್ ಆಗಿದ್ದು 1971ರಲ್ಲಿ, ಅವರು ಸತ್ತ ಮರುವರ್ಷ.

ಯಾಕೆ ಇಷ್ಟು ತಡ? ಇದು ಇಬ್ಬರು ಗಂಡಸರ ಪ್ರೇಮದ ಕಥೆ. ಆಗ ಇಂಗ್ಲೆಂಡಿನಲ್ಲಿ ಅದು ಅಪರಾಧ. 1885ರ ಕಾನೂನಿನಡಿ ಆಸ್ಕರ್ ವೈಲ್ಡ್‌ಗೆ 1895ರಲ್ಲಿ ಎರಡು ವರ್ಷದ ಕಠಿಣ ಶಿಕ್ಷೆ ಆಗಿತ್ತು. ಆದ್ರೆ ಫಾರ್‌ಸ್ಟರ್ ಹೇಳಿಕೊಂಡ ಕಾರಣ ಇನ್ನೂ ಸ್ವಾರಸ್ಯವಾಗಿದೆ. ಕೊನೆಯಲ್ಲಿ ಇಬ್ಬರೂ ಸತ್ತಿದ್ದರೆ ಪುಸ್ತಕ ಸುಲಭವಾಗಿ ಹೊರಗೆ ಬರ್ತಿತ್ತಂತೆ. ಇಲ್ಲಿ ಇಬ್ಬರೂ ಸಾಯಲ್ಲ, ಜೈಲಿಗೂ ಹೋಗಲ್ಲ, ಒಟ್ಟಿಗೆ ಬಾಳ್ತಾರೆ. ಸಮಸ್ಯೆ ಆಗಿದ್ದು ಅದೇ.

ಹಾಗಾಗಿ 57 ವರ್ಷ ಈ ಕಾದಂಬರಿಗೆ ಇದ್ದ ಓದುಗರು ಕೆಲವೇ ಕೆಲವು ಸ್ನೇಹಿತರು, ಕೈಯಿಂದ ಕೈಗೆ ಹೋದ ಟೈಪ್ ಪ್ರತಿಯಲ್ಲಿ. ಅವರಲ್ಲೇ ಈ ಕೊನೆಯ ಬಗ್ಗೆ ಒಮ್ಮತ ಇರಲಿಲ್ಲ. ಇವತ್ತಿಗೂ ಇಲ್ಲ. ಈ ಜಗಳವನ್ನ ಸ್ವಲ್ಪ ಬಿಡಿಸಿ ನೋಡಿದ್ರೆ ಅದು ಬರೀ ಗೇ ಪ್ರೇಮದ ಬಗ್ಗೆ ಅಲ್ಲ, ಕ್ಲಾಸ್ ಬಗ್ಗೆ ಅಂತ ಗೊತ್ತಾಗುತ್ತೆ. (ನಾವು ಬಂಕ್ ಮಾಡೋ ಕ್ಲಾಸ್ ಅಲ್ಲ. ದುಡ್ಡು, ಮನೆತನ, ಮಾತಾಡೋ ಧಾಟಿ ಎಲ್ಲ ಸೇರಿ ಆಗುವ ಮೇಲು-ಕೀಳು.)

ಕಥೆ ಇಷ್ಟು

ಮಾರಿಸ್ ಹಾಲ್ ಲಂಡನ್ ಹತ್ತಿರದ ಒಂದು ಅನುಕೂಲಸ್ಥ ಮನೆಯ ಹುಡುಗ. ತುಂಬಾ ಜಾಣನೇನಲ್ಲ. ಕೇಂಬ್ರಿಡ್ಜ್‌ನಲ್ಲಿ ಅವನಿಗೆ ಕ್ಲೈವ್ ಡರ್ಹಮ್ ಸಿಗ್ತಾನೆ. ಕ್ಲೈವ್ ಜಮೀನ್ದಾರರ ಮನೆಯವನು, ಪ್ಲೇಟೋ ಓದಿದವನು. ಇಬ್ಬರ ನಡುವೆ ಮೂರು ವರ್ಷ ಪ್ರೀತಿ ಇರುತ್ತೆ, ಆದ್ರೆ ಅದು ಮೈ ಮುಟ್ಟದ ಪ್ರೀತಿಯಾಗಿಯೇ ಇರಬೇಕು ಅನ್ನೋದು ಕ್ಲೈವ್‌ನ ಹಟ. ಆಮೇಲೆ ಗ್ರೀಸ್‌ಗೆ ಹೋದ ಕ್ಲೈವ್, ತಾನು ಬದಲಾಗಿದ್ದೇನೆ ಅಂತ ಕಾಗದ ಬರೆದು, ವಾಪಸ್ ಬಂದು ಒಂದು ಹುಡುಗಿಯನ್ನ ಮದುವೆ ಆಗ್ತಾನೆ.

ಷೇರು ಬ್ರೋಕರ್ ಆಗಿರುವ ಮಾರಿಸ್ ತನ್ನನ್ನ ‘ಸರಿ’ ಮಾಡಿಕೊಳ್ಳೋಕೆ ಡಾಕ್ಟರ್ ಹತ್ತಿರ ಹೋಗ್ತಾನೆ. ಅವರು ಕೇಳೋಕೇ ತಯಾರಿಲ್ಲ. ಹಿಪ್ನಾಟಿಸ್ಟ್ ಹತ್ತಿರ ಹೋಗ್ತಾನೆ, ಅದೂ ಫಲಿಸಲ್ಲ. ಇದು ಅಪರಾಧವಲ್ಲದ ಫ್ರಾನ್ಸ್‌ಗೋ ಇಟಲಿಗೋ ಹೋಗಿ ಇರಿ ಅಂತ ಆತ ಸಲಹೆ ಕೊಡ್ತಾನೆ. ಈ ಮಧ್ಯೆ ಕ್ಲೈವ್‌ನ ಎಸ್ಟೇಟಿನಲ್ಲಿ ಕೆಲಸಕ್ಕಿದ್ದ ಆಲೆಕ್ ಸ್ಕಡರ್ ಒಂದು ರಾತ್ರಿ ಏಣಿ ಹತ್ತಿ ಮಾರಿಸ್‌ನ ರೂಮಿಗೆ ಬರ್ತಾನೆ. ಆಲೆಕ್ ಗೇಮ್‌ಕೀಪರ್, ಅಂದ್ರೆ ಸಾಹೇಬರ ಶಿಕಾರಿಗೆ ಬೇಕಾದ ಹಕ್ಕಿ-ಪ್ರಾಣಿಗಳನ್ನ ಸಾಕಿ ಕಾಯುವ ಆಳು. ಅವನು ಅರ್ಜೆಂಟೀನಾಗೆ ಹೊರಟಿದ್ದವನು, ಕೊನೆಗೆ ಹಡಗು ಹತ್ತಲ್ಲ. ಇಬ್ಬರೂ ಊರು, ಕೆಲಸ, ಮನೆ ಬಿಟ್ಟು ಒಟ್ಟಿಗೆ ಇರೋ ನಿರ್ಧಾರ ಮಾಡ್ತಾರೆ.

ಮೊದಲ ಇಬ್ಬರು ಓದುಗರು

ಲಿಟನ್ ಸ್ಟ್ರೇಚಿ 1915ರಲ್ಲಿ ಓದಿದರು. ಅವರೂ ಲೇಖಕರು, ಅವರೂ ಸಲಿಂಗ ಪ್ರೇಮಿ. ಅಂದ್ರೆ ವಿಷಯ ನೋಡಿ ಮುಖ ಸಿಂಡರಿಸುವವರಲ್ಲ. ಆದ್ರೂ ಅವರಿಗೆ ಈ ಕೊನೆ ನಂಬೋಕಾಗಲಿಲ್ಲ. ಈ ಜೋಡಿಯ ಸಂಬಂಧ ಕುತೂಹಲ ಮತ್ತು ಕಾಮದ ಮೇಲೆ ನಿಂತಿದೆ, ಆರು ವಾರ ಬಾಳಿದರೆ ಹೆಚ್ಚು ಅಂತ ಸ್ಟ್ರೇಚಿ ಹೇಳಿದ್ದಾಗಿ ಫಾರ್‌ಸ್ಟರ್ ಮುಂದೆ ನೆನಪಿಸಿಕೊಂಡಿದ್ದಾರೆ. ಸ್ಟ್ರೇಚಿಯ ಆಕ್ಷೇಪದ ಒಳಗೆ ಕ್ಲಾಸ್ ಇತ್ತು. ಷೇರು ಬ್ರೋಕರ್ ಒಬ್ಬ, ಆಳು ಒಬ್ಬ, ಸಂಜೆ ಕೂತು ಇವರು ಮಾತಾಡೋದಾದರೂ ಏನು?

ಇನ್ನೊಬ್ಬ ಓದುಗ ಎಡ್ವರ್ಡ್ ಕಾರ್ಪೆಂಟರ್. ಕೇಂಬ್ರಿಡ್ಜ್‌ನಲ್ಲಿ ಓದಿ, ಪಾದ್ರಿಯ ಕೆಲಸ ಬಿಟ್ಟು, ಡರ್ಬಿಶೈರ್‌ನ ಮಿಲ್‌ಥಾರ್ಪ್ ಅನ್ನೋ ಹಳ್ಳಿಯಲ್ಲಿ ನೆಲೆಸಿದ್ದ ಸಮಾಜವಾದಿ. ಅವರ ಜೊತೆ ಬಾಳ್ತಿದ್ದವನು ಜಾರ್ಜ್ ಮೆರಿಲ್, ಶೆಫೀಲ್ಡ್‌ನ ಬಡ ಕೇರಿಯಲ್ಲಿ ಬೆಳೆದವನು. 1913ರಲ್ಲಿ ಫಾರ್‌ಸ್ಟರ್ ಇವರ ಮನೆಗೆ ಹೋಗಿದ್ದಾಗಲೇ ‘ಮಾರಿಸ್’ ಹೊಳೆದದ್ದು. ಕಾರ್ಪೆಂಟರ್‌ಗೆ ಕೊನೆ ತುಂಬಾ ಹಿಡಿಸಿತು. ನಡೆಯೋದು ಕಷ್ಟ, ಆದ್ರೆ ನಡೆಯೋಕೇ ಸಾಧ್ಯವಿಲ್ಲ ಅನ್ನೋ ಹಾಗಿಲ್ಲ ಅನ್ನೋದು ಅವರ ಅಭಿಪ್ರಾಯ.

ಇಲ್ಲಿ ಸ್ವಲ್ಪ ನಿಲ್ಲೋಣ. ಒಬ್ಬರು ಸಾಧ್ಯವಿಲ್ಲ ಅಂದ್ರು, ಇನ್ನೊಬ್ಬರು ಸಾಧ್ಯ ಅಂದ್ರು. ಸಾಧ್ಯ ಅಂದವರು ಊಹೆ ಮಾಡ್ತಿರಲಿಲ್ಲ, ಬದುಕಿ ತೋರಿಸ್ತಿದ್ದರು. ಮೆರಿಲ್ 1898ರಲ್ಲಿ ಕಾರ್ಪೆಂಟರ್ ಮನೆಗೆ ಬಂದವನು, 1928ರಲ್ಲಿ ಸಾಯುವವರೆಗೂ ಅವರ ಜೊತೆಗೇ ಇದ್ದ. ಸ್ಟ್ರೇಚಿಯ ಲೆಕ್ಕದ ಆರು ವಾರ ಎಲ್ಲಿ, ಇವರ ಮೂವತ್ತು ವರ್ಷ ಎಲ್ಲಿ! ಒಂದು ಡೇಟಾ ಪಾಯಿಂಟ್‌ನಿಂದ ಥಿಯರಿ ಸಾಬೀತಾಗಲ್ಲ ಅಂತ ನಮ್ಮ ಲ್ಯಾಬ್‌ನಲ್ಲಿ ಹೇಳ್ತಾರೆ, ನಿಜ. ಆದ್ರೆ ‘ಇಂಥದ್ದು ಎಲ್ಲೂ ಆಗಲ್ಲ’ ಅನ್ನೋ ಮಾತನ್ನ ಬೀಳಿಸೋಕೆ ಒಂದೇ ಸಾಕು.

ಮೂರು ಬೇರೆ ಪ್ರಶ್ನೆಗಳು

ಈ ಪುಸ್ತಕದ ಓದುಗರು ಒಬ್ಬರಿಗೊಬ್ಬರು ಒಪ್ಪದೇ ಇರೋದಕ್ಕೆ ಒಂದು ಕಾರಣ, ಅವರು ಉತ್ತರ ಕೊಡ್ತಿರೋದು ಬೇರೆ ಬೇರೆ ಪ್ರಶ್ನೆಗಳಿಗೆ.

ಒಂದು: ಇದು ನಡೆಯೋ ಸಂಗತಿಯಾ? ಇದರ ಬಗ್ಗೆ ಮೇಲೆ ನೋಡಿದ್ವಿ.

ಎರಡು: ಇದು ಒಳ್ಳೇ ಕಾದಂಬರಿಯಾ? 1971ರಲ್ಲಿ ಪುಸ್ತಕ ಬಂದಾಗ ಹಲವು ವಿಮರ್ಶಕರಿಗೆ ಇದು ಫಾರ್‌ಸ್ಟರ್‌ರ ದುರ್ಬಲ ಕೃತಿ ಅನ್ನಿಸಿತು. ಅಷ್ಟೊತ್ತಿಗೆ ಕಾಲ ಮುಂದೆ ಹೋಗಿತ್ತು. 1967ರಲ್ಲೇ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 21 ದಾಟಿದ ಗಂಡಸರ ಖಾಸಗಿ ಸಂಬಂಧ ಅಪರಾಧವಲ್ಲ ಅಂತ ಕಾನೂನು ಆಗಿತ್ತು. 1914ರಲ್ಲಿ ಬಾಂಬ್ ಆಗಬಹುದಾಗಿದ್ದ ಪುಸ್ತಕ 1971ರಲ್ಲಿ ಹಳೇ ಕಾಗದದ ಹಾಗೆ ಕಂಡಿತು. 1930ರ ದಶಕದಲ್ಲಿ ಟೈಪ್ ಪ್ರತಿ ಓದಿದ್ದ ಕ್ರಿಸ್ಟೋಫರ್ ಇಶರ್‌ವುಡ್ ಇದನ್ನ ಬೇರೆ ಥರ ನೋಡಿದರು. ಭಾಷೆ ಹಳೇದು ಅನ್ನಿಸಿದರೂ, ಯಾರೂ ಬಾಯಿಬಿಡದ ಕಾಲದಲ್ಲಿ ಒಬ್ಬರು ಒಂಟಿಯಾಗಿ ಕೂತು ಇದನ್ನ ಬರೆದರಲ್ಲ ಅನ್ನೋದೇ ಅವರಿಗೆ ದೊಡ್ಡದಾಗಿ ಕಂಡಿತು. ಫಾರ್‌ಸ್ಟರ್‌ಗೂ ಅನುಮಾನ ಇರಲಿಲ್ಲ ಅಂತಲ್ಲ. ವರ್ಷಗಳ ನಂತರ ಇಬ್ಬರೂ ಮರ ಕಡಿಯುವ ಕೆಲಸ ಮಾಡ್ತಿರೋದನ್ನ ಮಾರಿಸ್‌ನ ತಂಗಿ ನೋಡುವ ಒಂದು ಅಧ್ಯಾಯ ಬರೆದಿದ್ದರು. ಅದು ಓದಿದ ಯಾರಿಗೂ ಹಿಡಿಸಲಿಲ್ಲ, ತೆಗೆದುಬಿಟ್ಟರು.

ಮೂರು: ಇದು ಯಾರ ಕಥೆ? ಈ ಪ್ರಶ್ನೆ ಕೇಳುವವರು ಇತ್ತೀಚಿನವರೇ ಹೆಚ್ಚು. ಮಾರಿಸ್‌ನ ಬಾಲ್ಯ, ಕಾಲೇಜು, ಕನಸು, ಅಳು ಎಲ್ಲ ನಮಗೆ ಗೊತ್ತಾಗುತ್ತೆ. ಆಲೆಕ್ ಬರೋದೇ ಅರ್ಧ ಪುಸ್ತಕ ಮುಗಿದ ಮೇಲೆ, ಅವನ ತಲೆಯಲ್ಲಿ ಏನಿದೆ ಅಂತ ಗೊತ್ತಾಗೋದು ತುಂಬಾ ಕಮ್ಮಿ. ಹಾಗಾದ್ರೆ ಅವನು ಮನುಷ್ಯನಾ, ಅಥವಾ ದೊಡ್ಡ ಮನೆ ಹುಡುಗನಿಗೆ ಸಿಕ್ಕ ಬಹುಮಾನವಾ? ಈ ಕೊರತೆ ತುಂಬೋಕೇ ಅಂತ ವಿಲಿಯಂ ಡಿ ಕಾನ್ಜಿಯೋ 2021ರಲ್ಲಿ ‘ಆಲೆಕ್’ ಅನ್ನೋ ಕಾದಂಬರಿ ಬರೆದು, ಇದೇ ಕಥೆಯನ್ನ ಆಲೆಕ್‌ನ ಕಡೆಯಿಂದ ಹೇಳಿ, ಮೊದಲ ಮಹಾಯುದ್ಧದವರೆಗೂ ತಗೊಂಡು ಹೋದರು.

ಟಿಪ್ಸ್ ಮತ್ತು ಹೆಸರು

ನನಗೆ ಮೂರನೇ ಆಕ್ಷೇಪ ಸರಿ ಅನ್ಸುತ್ತೆ, ಆದ್ರೆ ಪೂರ್ತಿ ಅಲ್ಲ. ಯಾಕಂದ್ರೆ ಫಾರ್‌ಸ್ಟರ್ ತಮ್ಮ ನಾಯಕನ ಕ್ಲಾಸ್ ಕೊಬ್ಬನ್ನ ಮುಚ್ಚಿಟ್ಟಿಲ್ಲ. ಮೊದಲು ಮಾರಿಸ್ ಆಲೆಕ್‌ಗೆ ಟಿಪ್ಸ್ ಕೊಡೋಕೆ ಹೋಗ್ತಾನೆ, ಆಲೆಕ್ ಬೇಡ ಅಂತಾನೆ. ಅದನ್ನ ಸ್ವಾಭಿಮಾನ ಅಂತ ನೋಡದೆ, ಆಳಿನ ಸೊಕ್ಕು ಅಂತ ಮಾರಿಸ್ ಸಿಟ್ಟಾಗ್ತಾನೆ. ಇಬ್ಬರೂ ಒಂದಾದ ಮೇಲೆ ಆಲೆಕ್‌ನಿಂದ ಕಾಗದ ಬಂದರೆ ಅವನಿಗೆ ಮೊದಲು ಹೊಳೆಯೋದು ಬ್ಲ್ಯಾಕ್‌ಮೇಲ್. ಅದೇ ಕಾಗದ ಕ್ಲೈವ್‌ನಿಂದ ಬಂದಿದ್ದರೆ ಹಾಗೆ ಅನ್ನಿಸ್ತಿತ್ತಾ?

ಆಮೇಲೆ ಬ್ರಿಟಿಷ್ ಮ್ಯೂಸಿಯಂ ದೃಶ್ಯ. ಇಬ್ಬರೂ ಜಗಳ ಆಡ್ತಾ ಓಡಾಡ್ತಿರುವಾಗ ಮಾರಿಸ್‌ನ ಹಳೇ ಮೇಷ್ಟ್ರು ಎದುರಾಗಿ, ಅವನ ಹೆಸರು ಏನು ಅಂತ ನೆನಪಿಸಿಕೊಳ್ಳೋಕೆ ಒದ್ದಾಡ್ತಾರೆ. ಮಾರಿಸ್ ತನ್ನ ಹೆಸರು ಸ್ಕಡರ್ ಅಂದುಬಿಡ್ತಾನೆ. ಒಂದೇ ಕ್ಷಣಕ್ಕಾದರೂ ಸಾಹೇಬ ಆಳಿನ ಹೆಸರು ಹಾಕಿಕೊಳ್ತಾನೆ. ನನ್ನ ಲೆಕ್ಕದಲ್ಲಿ ಕಾದಂಬರಿ ತಿರುಗೋದು ಇಲ್ಲಿಯೇ, ಹಾಸಿಗೆಯಲ್ಲಿ ಅಲ್ಲ.

ಕೊನೆಯಲ್ಲಿ ಮಾರಿಸ್ ಎಲ್ಲವನ್ನೂ ಕ್ಲೈವ್‌ಗೆ ಹೇಳ್ತಾನೆ. ಒಂದು ಕಾಲಕ್ಕೆ ತಾನೇ ಗಂಡಸನ್ನ ಪ್ರೀತಿಸಿದ್ದ ಕ್ಲೈವ್‌ಗೆ ಸಹಿಸೋಕಾಗದೇ ಇರೋದು ಯಾವುದು ನೋಡಿ. ಗಂಡಸು ಅನ್ನೋದು ಒಂದು ಕಡೆ ಇರಲಿ, ನನ್ನ ಎಸ್ಟೇಟಿನ ಆಳಾ ಅನ್ನೋದು ಅವನ ಆಘಾತ. ಕೆಳಗಿನವರ ಜೊತೆ ಆತ್ಮೀಯತೆ ಅನ್ನೋದೇ ಅವನ ಊಹೆಗೆ ನಿಲುಕಲ್ಲ. ಸ್ಟ್ರೇಚಿಯ ಅನುಮಾನವನ್ನ ಇದರ ಪಕ್ಕದಲ್ಲಿ ಇಟ್ಟು ನೋಡಿದ್ರೆ ಎರಡೂ ಒಂದೇ ಊರಿನ ಮಾತು ಅನ್ಸುತ್ತೆ.

ಫಾರ್‌ಸ್ಟರ್‌ರ ಸ್ವಂತ ಬದುಕು ಇಷ್ಟು ಸಲೀಸಾಗಿ ಇರಲಿಲ್ಲ ಅನ್ನೋದನ್ನೂ ಹೇಳಬೇಕು. 1930ರಲ್ಲಿ ಅವರಿಗೆ ಬಾಬ್ ಬಕಿಂಗ್‌ಹ್ಯಾಮ್ ಅನ್ನೋ ಪೊಲೀಸ್‌ನ ಪರಿಚಯ ಆಯ್ತು. ಬಾಬ್ ಮುಂದೆ ಮದುವೆ ಆದರು, ಆದ್ರೂ ಆ ನಂಟು 40 ವರ್ಷ ಉಳೀತು. ಫಾರ್‌ಸ್ಟರ್ ಕೊನೆಯುಸಿರು ಎಳೆದಿದ್ದು ಕವೆಂಟ್ರಿಯಲ್ಲಿ ಆ ದಂಪತಿಯ ಮನೆಯಲ್ಲಿ. ಕಾಡಿಗೆ ಓಡಿಹೋಗೋದು ಪುಸ್ತಕದಲ್ಲಿ ಮಾತ್ರ. ಆದ್ರೆ ಕ್ಲಾಸಿನ ಗೋಡೆ ದಾಟೋದು ಅವರ ಬದುಕಿನಲ್ಲೂ ಇತ್ತು.

ಹಾಗಾದ್ರೆ ನಮಗೇನು?

ಇದೇ ಬ್ರಿಟಿಷರ ಆಡಳಿತ 1860ರಲ್ಲಿ ನಮಗೆ ಸೆಕ್ಷನ್ 377 ಕೊಟ್ಟಿತ್ತು. ವಯಸ್ಕರು ಪರಸ್ಪರ ಒಪ್ಪಿ ಇರುವ ಸಂಬಂಧ ಅಪರಾಧವಲ್ಲ ಅಂತ ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಹಾಗಾಗಿ ಮಾರಿಸ್‌ನ ಕಷ್ಟದ ಒಂದು ಅರ್ಧವನ್ನ ಕಾನೂನು ತೆಗೆದುಹಾಕಿದೆ. ಆದ್ರೆ ಇನ್ನೊಂದು ಅರ್ಧಕ್ಕೆ ಯಾವ ಕೋರ್ಟೂ ತೀರ್ಪು ಕೊಡೋಕಾಗಲ್ಲ. ಯಾರ ಜೊತೆ ಕೂತು ಉಣ್ಣಬಹುದು, ಯಾರಿಗೆ ಟಿಪ್ಸ್ ಕೊಟ್ಟು ಕಳಿಸಬೇಕು ಅನ್ನೋದು ನಾವು ನಾವೇ ಬರೆದುಕೊಂಡಿರೋ ಕಾನೂನು.

ಲೈಬ್ರರಿಯಲ್ಲಿ ಸಿಕ್ಕರೆ ಓದಿ. ಸಿಗದಿದ್ದರೆ ಮರ್ಚೆಂಟ್-ಐವರಿ 1987ರಲ್ಲಿ ಮಾಡಿದ ಸಿನಿಮಾ ಇದೆ. ಕ್ಲೈವ್ ಪಾತ್ರದಲ್ಲಿ ಹ್ಯೂ ಗ್ರಾಂಟ್, ಮಾರಿಸ್ ಆಗಿ ಜೇಮ್ಸ್ ವಿಲ್ಬಿ, ಆಲೆಕ್ ಆಗಿ ರೂಪರ್ಟ್ ಗ್ರೇವ್ಸ್. ಮುಗಿದ ಮೇಲೆ ನಿಮಗೂ ‘ಇದೆಲ್ಲ ನಡೆಯೋದಲ್ಲ ಬಿಡಪ್ಪ’ ಅನ್ನಿಸಬಹುದು. ಅನ್ನಿಸಿದರೆ ಒಂದೇ ಒಂದು ಕೇಳಿಕೊಳ್ಳಿ: ನಂಬೋಕಾಗದೇ ಇರೋದು ಇಬ್ಬರೂ ಗಂಡಸರು ಅನ್ನೋದಾ, ಇಲ್ಲ ಒಬ್ಬ ಸಾಹೇಬ, ಒಬ್ಬ ಆಳು ಅನ್ನೋದಾ?