ಫೆಲುದಾನನ್ನೂ ಬಿಡದ ಪುಟ್ಟ ವಿಮರ್ಶಕರು

ಕೊಲೆಗಾರರಿಗೆ, ಕಳ್ಳಸಾಗಣೆದಾರರಿಗೆ, ಕೈಯಲ್ಲಿ ಪಿಸ್ತೂಲು ಹಿಡಿದವರಿಗೆ ಎಂದೂ ಜಗ್ಗದ ಪತ್ತೇದಾರ ಫೆಲುದಾ ಒಂದು ಕಥೆಯಲ್ಲಿ ಮಾತ್ರ ಮುಖ ಬಾಡಿಸಿಕೊಂಡು ಕೂತಿರುತ್ತಾನೆ. ಸತ್ಯಜಿತ್ ರಾಯ್ 1990ರಲ್ಲಿ ಬರೆದ ‘ನಯನ್ ರಹಸ್ಯ’ ಆರಂಭವಾಗುವುದೇ ಹೀಗೆ. ಅವನನ್ನು ಕುಗ್ಗಿಸಿದ್ದು ಯಾವ ಖದೀಮನೂ ಅಲ್ಲ, ಓದುಗರ ಪತ್ರಗಳು. ಇತ್ತೀಚಿನ ಕಥೆಗಳು ಮೊದಲಿನ ಹಾಗೆ ಹಿಡಿದು ಕೂರಿಸುತ್ತಿಲ್ಲ ಎಂದು ಅವರೆಲ್ಲ ದೂರಿದ್ದಾರೆ.

ಜಗತ್ತಿನೆಲ್ಲೆಡೆ ಹೆಸರಾದ ನಿರ್ದೇಶಕ, ಬಂಗಾಳದ ಮನೆಮನೆಯ ಲೇಖಕ, ಎಪ್ಪತ್ತರ ಹೊಸ್ತಿಲಲ್ಲಿದ್ದ ಹಿರಿಯ. ಅಂಥವರು ತಮ್ಮ ಓದುಗರ ಅಸಮಾಧಾನವನ್ನು ಮುಚ್ಚಿಡದೆ, ಎಳೆಯರಿಗಾಗಿ ಬರೆದ ಕಥೆಯ ಬಾಗಿಲಲ್ಲೇ ತಂದಿಟ್ಟರು. ಮಕ್ಕಳ ಸಾಹಿತ್ಯದ ಬಗ್ಗೆ ಮಾತಾಡುವ ನಾವೆಲ್ಲ ಇದರಿಂದ ಕಲಿಯುವುದು ಬಹಳವಿದೆ. ಮಗುವಿನ ಅಭಿಪ್ರಾಯವೆಂದರೆ ಮುದ್ದು ಮಾತಲ್ಲ, ಅದು ನಿಜವಾದ ವಿಮರ್ಶೆ. ಅದರಲ್ಲೂ ಪತ್ತೇದಾರಿ ಕಾದಂಬರಿಯ ವಿಷಯದಲ್ಲಿ ಮಕ್ಕಳಿಗಿಂತ ಖಡಕ್ ವಿಮರ್ಶಕರು ಸಿಗುವುದು ಕಷ್ಟ.

‘ಸಂದೇಶ್’ ಕಟ್ಟಿದ ನಂಟು

ಫೆಲುದಾ ಹುಟ್ಟಿದ್ದು 1965ರಲ್ಲಿ, ‘ಸಂದೇಶ್’ ಎಂಬ ಮಕ್ಕಳ ಪತ್ರಿಕೆಯ ಪುಟಗಳಲ್ಲಿ. ರಾಯ್ ಅವರ ತಾತ ಉಪೇಂದ್ರಕಿಶೋರ್ 1913ರಲ್ಲಿ ಆರಂಭಿಸಿ, ತಂದೆ ಸುಕುಮಾರ್ ನಡೆಸಿಕೊಂಡು ಬಂದ ಪತ್ರಿಕೆ ಅದು. ನಡುವೆ ನಿಂತುಹೋಗಿದ್ದ ಅದಕ್ಕೆ 1961ರಲ್ಲಿ ರಾಯ್ ಮತ್ತು ಕವಿ ಸುಭಾಷ್ ಮುಖೋಪಾಧ್ಯಾಯ ಸೇರಿ ಮತ್ತೆ ಜೀವ ಕೊಟ್ಟರು. ಪತ್ರಿಕೆ ತುಂಬಿಸಲು ರಾಯ್ ಕಥೆ ಬರೆಯತೊಡಗಿದರು. ಆ ಬರವಣಿಗೆಯಲ್ಲೇ ಪ್ರದೋಷ್ ಮಿತ್ತರ್ ಅಲಿಯಾಸ್ ಫೆಲುದಾ ಎಂಬ ಖಾಸಗಿ ಪತ್ತೇದಾರ ಮೂಡಿಬಂದ. ಅವನ ಸಾಹಸಗಳನ್ನು ಹೇಳುವವನು ಹದಿಹರೆಯದ ಹುಡುಗ, ಅವನ ಸೋದರಸಂಬಂಧಿ ತೋಪ್ಸೆ.

ಹೇಳುವವನೇ ಹುಡುಗನಾದ್ದರಿಂದ ಓದುವ ಹುಡುಗರಿಗೆ ಒಂದು ಹಕ್ಕು ಬಂತು. ತೋಪ್ಸೆ ಕಂಡಷ್ಟನ್ನೇ ತಾವೂ ಕಾಣುತ್ತಾರೆ, ಅವನು ಎಡವಿದಲ್ಲಿ ತಾವೂ ಎಡವುತ್ತಾರೆ, ಕೆಲವೊಮ್ಮೆ ಅವನಿಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತಾರೆ. ಹೆಚ್ಚಾಗಿ ಹದಿಹರೆಯದವರಿಗಾಗಿ ಬರೆದ ಕಥೆಗಳನ್ನು ಅಪ್ಪ ಅಮ್ಮಂದಿರೂ ಓದುತ್ತಿದ್ದುದು ರಾಯ್ ಅವರಿಗೆ ತಿಳಿದಿತ್ತು. ಆದರೂ ಅವರು ಎಳೆಯರ ಕೈ ಬಿಡಲಿಲ್ಲ. ಎಳೆಯರಿಗಾಗಿ ಪತ್ತೇದಾರಿ ಬರೆಯುವುದು ಸುಲಭವಲ್ಲ ಎಂದು ಇಂಗ್ಲಿಷ್ ಅನುವಾದದ ಮುನ್ನುಡಿಯಲ್ಲಿ ಅವರೇ ಹೇಳಿಕೊಂಡಿದ್ದಾರೆ. ಅಕ್ರಮ ಸಂಬಂಧ, ಪ್ರೇಮದ ಹುಚ್ಚಿನ ಕೊಲೆ ಇವು ಬರುವಂತಿಲ್ಲ, ಹಿಂಸೆಯೂ ಅಳತೆ ಮೀರುವಂತಿಲ್ಲ. ದೊಡ್ಡವರ ಪತ್ತೇದಾರಿಗೆ ಸಲೀಸಾಗಿ ಒದಗುವ ಅರ್ಧ ಸರಕನ್ನು ಪಕ್ಕಕ್ಕಿಟ್ಟ ಮೇಲೆ ಲೇಖಕನ ಬಳಿ ಉಳಿಯುವುದು ಬುದ್ಧಿವಂತಿಕೆ, ಊರು, ಪಾತ್ರ, ಸುಳಿವು. ಮಕ್ಕಳು ಪರೀಕ್ಷೆಗೆ ಒಡ್ಡುವುದೂ ಇವುಗಳನ್ನೇ.

ಸುಳಿವು ಕಣ್ಣೆದುರೇ ಇತ್ತಲ್ಲ!

1971ರ ‘ಸೋನಾರ್ ಕೆಲ್ಲಾ’ ಕಾದಂಬರಿಯನ್ನೇ ನೋಡಿ. ಕೊಲ್ಕತ್ತಾದ ಪುಟ್ಟ ಹುಡುಗ ಮುಕುಲ್‌ಗೆ ಹಿಂದಿನ ಜನ್ಮದ ನೆನಪು. ಚಿನ್ನದ ಬಣ್ಣದ ಕೋಟೆಯೊಂದರ ಮಾತಾಡುತ್ತಾನೆ. ಅಲ್ಲಿ ನಿಧಿ ಇದೆಯೆಂದು ನಂಬಿದ ದುಷ್ಟರು ಅವನ ಬೆನ್ನು ಹತ್ತುತ್ತಾರೆ. ಫೆಲುದಾ ಮತ್ತು ತೋಪ್ಸೆ ಅವನನ್ನು ಅರಸುತ್ತಾ ರಾಜಸ್ಥಾನದ ಮರುಭೂಮಿ ದಾಟಿ ಜೈಸಲ್ಮೇರ್‌ವರೆಗೂ ಹೋಗುತ್ತಾರೆ.

ದಾರಿಯಲ್ಲಿ ಜೊತೆಯಾಗುವ ಒಬ್ಬಾತ ಲೋಕವೆಲ್ಲ ಸುತ್ತಿದವನಂತೆ ಬೀಗುತ್ತಾನೆ. ಆಫ್ರಿಕಾದ ಟಾಂಗಾನಿಕಾದಲ್ಲಿ ತೋಳವನ್ನು ಹೊಡೆದುರುಳಿಸಿದ ಕಥೆ ಕೊಚ್ಚುತ್ತಾನೆ. ಕೇಳಿದವರು ಬೆರಗಾಗುತ್ತಾರೆ. ಫೆಲುದಾನಿಗೆ ಮಾತ್ರ ಅನುಮಾನ: ಆ ನಾಡಿಗೆ ತೋಳ ಎಲ್ಲಿಂದ ಬಂತು? ಆತ ಯಾರು, ಮುಂದೇನಾಯಿತು ಎಂಬುದನ್ನು ಹೇಳಿದರೆ ಇನ್ನೂ ಓದದ ಮಕ್ಕಳಿಗೆ ದ್ರೋಹ ಬಗೆದಂತೆ. ಇಲ್ಲಿ ಗಮನಿಸಬೇಕಾದದ್ದು ಸುಳಿವಿನ ಪ್ರಾಮಾಣಿಕತೆ. ಅದು ಎಲ್ಲರೂ ಕೇಳುವಂತೆ ಆಡಿದ ಮಾತು. ಪ್ರಾಣಿಗಳ ಪುಸ್ತಕ ತಿರುವಿಹಾಕುವ ಹತ್ತರ ಹುಡುಗಿಯೊಬ್ಬಳು ಫೆಲುದಾನಿಗಿಂತ ಮೊದಲೇ ಅದನ್ನು ಹಿಡಿಯಬಹುದು. ಹಾಗೆ ಹಿಡಿದ ಕ್ಷಣದಲ್ಲಿ ಅವಳಿಗೆ ಆಗುವ ಹಿಗ್ಗನ್ನು ಯಾವ ಬಹುಮಾನವೂ ಕೊಡಲಾರದು.

ಪತ್ತೇದಾರಿ ಓದಿದ ಮಕ್ಕಳನ್ನು ಮಾತಿಗೆಳೆದರೆ ಎರಡು ದೂರು ಮತ್ತೆ ಮತ್ತೆ ಕೇಳುತ್ತವೆ. ಒಂದು, ‘ಅವನೇ ಅಂತ ನಂಗೆ ಮೊದ್ಲೇ ಗೊತ್ತಾಯ್ತು.’ ಇನ್ನೊಂದು, ‘ಸುಳಿವೇ ಕೊಡದೆ ಕೊನೆಗೆ ಯಾರನ್ನೋ ಹಿಡ್ಕೊಟ್ರೆ ಅದು ಮೋಸ.’ ಈ ಎರಡು ಮಾತಿನಲ್ಲಿ ಪತ್ತೇದಾರಿ ಸಾಹಿತ್ಯದ ಇಡೀ ಕಾನೂನು ಅಡಗಿದೆ. ಗುಟ್ಟು ಬೇಗ ಬಯಲಾಗಬಾರದು, ಬಯಲಾದಾಗ ‘ಅಯ್ಯೋ, ಕಣ್ಣೆದುರೇ ಇತ್ತಲ್ಲ’ ಅನ್ನಿಸಬೇಕು. ಇದನ್ನು ಮಕ್ಕಳಿಗೆ ಯಾರೂ ಪಾಠ ಮಾಡಿಲ್ಲ. ಆಟದ ಮೈದಾನದಲ್ಲಿ ಕಲಿತ ನ್ಯಾಯವನ್ನೇ ಅವರು ಪುಸ್ತಕಕ್ಕೂ ಹಚ್ಚುತ್ತಾರೆ.

1974ರಲ್ಲಿ ಇದೇ ಕಾದಂಬರಿಯನ್ನು ಸಿನಿಮಾ ಮಾಡಿದಾಗ ರಾಯ್ ದಾರಿ ಬದಲಿಸಿದರು. ಪುಸ್ತಕದಲ್ಲಿ ಕೊನೆತನಕ ಮುಚ್ಚಿಟ್ಟ ಖಳರನ್ನು ತೆರೆಯ ಮೇಲೆ ಬೇಗನೇ ತೋರಿಸಿಬಿಟ್ಟರು. ಯಾರು ಎಂಬ ಕುತೂಹಲದ ಜಾಗದಲ್ಲಿ ಮುಂದೇನು ಎಂಬ ಆತಂಕ ಬಂತು. ಎರಡರಲ್ಲಿ ಯಾವುದು ಮೇಲು ಎಂದು ಮಕ್ಕಳನ್ನು ಕೇಳಿ ನೋಡಿ. ಕಥೆ ಹೇಳುವ ಕಲೆಯ ಬಗ್ಗೆ ಅವರೇ ಒಂದು ಗೋಷ್ಠಿ ನಡೆಸುತ್ತಾರೆ.

ತಪ್ಪೊಪ್ಪುವ ಜಟಾಯು

ಇದೇ ಕಾದಂಬರಿಯಲ್ಲಿ ಬಂಗಾಳಿ ಮಕ್ಕಳ ಅಚ್ಚುಮೆಚ್ಚಿನ ಲಾಲ್‌ಮೋಹನ್ ಗಂಗೂಲಿ ಕಾಣಿಸಿಕೊಳ್ಳುತ್ತಾನೆ. ‘ಜಟಾಯು’ ಎಂಬ ಕಾವ್ಯನಾಮದಲ್ಲಿ ರೋಚಕ ಕಾದಂಬರಿಗಳನ್ನು ಬರೆದು ಬಿಸಿದೋಸೆಯಂತೆ ಮಾರುವವನು. ಮಾಹಿತಿಯಲ್ಲಿ ಮಾತ್ರ ಎಡವಟ್ಟು. ಒಂಟೆ ನೀರಿಲ್ಲದೆ ಹೇಗೆ ಬದುಕುತ್ತದೆ ಎಂಬುದನ್ನೂ ತಪ್ಪಾಗಿ ತಿಳಿದುಕೊಂಡಿರುತ್ತಾನೆ. ಡುಬ್ಬದಲ್ಲಿರುವುದು ಕೊಬ್ಬು ಎಂದು ಫೆಲುದಾ ತಿದ್ದುತ್ತಾನೆ. ಜಟಾಯು ಮುನಿಸಿಕೊಳ್ಳುವುದಿಲ್ಲ, ತಿದ್ದಿಕೊಳ್ಳುತ್ತಾನೆ.

ಲೇಖಕನ ಪಕ್ಕದಲ್ಲೇ ಅವನ ಟೀಕಾಕಾರನನ್ನು ಕೂರಿಸಿ, ಇಬ್ಬರನ್ನೂ ಒಂದೇ ರೈಲಿನಲ್ಲಿ ಕಳಿಸಿ, ಜೀವದ ಗೆಳೆಯರನ್ನಾಗಿ ಮಾಡಿದ್ದು ರಾಯ್ ಅವರ ದೊಡ್ಡ ಗುಣ. ಅಚ್ಚಾದದ್ದೆಲ್ಲ ಸತ್ಯವಲ್ಲ, ಪ್ರಶ್ನೆ ಕೇಳಬಹುದು, ಕೇಳಿದರೆ ಸ್ನೇಹ ಕೆಡಬೇಕಿಲ್ಲ ಎಂಬುದನ್ನು ಓದುವ ಮಗು ಕಥೆಯ ಜೊತೆಗೇ ಕಲಿಯುತ್ತದೆ. ಇಂಥ ಕಥೆಗಳನ್ನು ಓದಿ ಬೆಳೆದವರು ಮುಂದೊಂದು ದಿನ ಫೆಲುದಾನಿಗೇ ದೂರು ಬರೆದರೆ ಅದು ಆ ಕಥೆಗಳ ಗೆಲುವು.

ಹುಡುಗಿಯರೆಲ್ಲಿ?

ಇಂದಿನ ಓದುಗರು ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ. ಫೆಲುದಾ ಕಥೆಗಳಲ್ಲಿ ಹೆಣ್ಣುಮಕ್ಕಳು ತೀರಾ ವಿರಳ. ಸಾಹಸಕ್ಕೆ ಹೊರಡುವ ಮೂವರೂ ಗಂಡಸರು. ಕಥೆ ಎಷ್ಟೇ ಚೆನ್ನಾಗಿರಲಿ, ತನಗೆ ಅದರಲ್ಲಿ ಜಾಗವಿಲ್ಲ ಎಂದು ಹುಡುಗಿಯೊಬ್ಬಳಿಗೆ ಅನ್ನಿಸಿದರೆ ಆ ಮಾತನ್ನು ತಳ್ಳಿಹಾಕಲಾಗದು. ‘ಸಂದೇಶ್’ ಬಳಗದಲ್ಲೇ ಇದಕ್ಕೊಂದು ಉತ್ತರವಿತ್ತು. ರಾಯ್ ಅವರ ಸೋದರಸಂಬಂಧಿ, ಪತ್ರಿಕೆಯ ಸಂಪಾದಕಿಯೂ ಆಗಿದ್ದ ನಳಿನಿ ದಾಸ್ ‘ಗಂಡಾಲು’ ಎಂಬ ಸರಣಿ ಬರೆದರು. ಹಾಸ್ಟೆಲಿನಲ್ಲಿ ಓದುವ ನಾಲ್ವರು ಹುಡುಗಿಯರೇ ಅದರ ಪತ್ತೇದಾರರು. ಫೆಲುದಾನಷ್ಟು ಖ್ಯಾತಿ ಅವರಿಗೆ ಸಿಗಲಿಲ್ಲ, ಸಿಗಬೇಕಿತ್ತು.

ನಮ್ಮ ಮಕ್ಕಳನ್ನೂ ಕೇಳೋಣ

ಕನ್ನಡಕ್ಕೆ ಪತ್ತೇದಾರಿ ಹೊಸದಲ್ಲ. ಎನ್. ನರಸಿಂಹಯ್ಯನವರ ಪುರುಷೋತ್ತಮ, ಅರಿಂಜಯ, ಗಾಳಿರಾಯರು ಸಾವಿರಾರು ಮಂದಿಗೆ ಓದಿನ ಚಟ ಹಿಡಿಸಿದರು. ಆದರೆ ಪತ್ತೇದಾರಿ ಎಂದರೆ ಮೂಗು ಮುರಿಯುವ, ಪಠ್ಯಪುಸ್ತಕದ ನಡುವೆ ಅಡಗಿಸಿ ಓದಿದರೆ ಗದರುವ ಹಿರಿಯರು ಆಗಲೂ ಇದ್ದರು, ಈಗಲೂ ಇದ್ದಾರೆ. ಮಕ್ಕಳಿಗೆಂದೇ ಬರೆದ, ವರ್ಷ ವರ್ಷ ಕಾದು ಕೂರುವಂಥ ಪತ್ತೇದಾರಿ ಸರಣಿಗಳು ನಮ್ಮಲ್ಲಿ ಕಡಿಮೆ. ಫೆಲುದಾನನ್ನು ನಮ್ಮ ನಗರಗಳ ಎಷ್ಟೋ ಮಕ್ಕಳು ಓದುವುದು ಗೋಪಾ ಮಜುಂದಾರ್ ಅವರ ಇಂಗ್ಲಿಷ್ ಅನುವಾದದಲ್ಲಿ.

ಬರೆಯುವವರು ಬರಬೇಕಾದರೆ ಓದುವವರ ಮಾತಿಗೆ ಬೆಲೆ ಬರಬೇಕು. ಮಗು ಪುಸ್ತಕ ಮುಗಿಸಿದ ಕೂಡಲೇ ‘ಇದರ ನೀತಿ ಏನು?’ ಎಂದು ಕೇಳುವುದನ್ನು ಬಿಡೋಣ. ಯಾರ ಮೇಲೆ ಅನುಮಾನ ಬಂತು, ಯಾವ ಪುಟದಲ್ಲಿ ಬಂತು, ಎಲ್ಲಿ ಬೇಜಾರಾಯಿತು, ನೀನಾಗಿದ್ದರೆ ಹೇಗೆ ಮುಗಿಸುತ್ತಿದ್ದೆ ಎಂದು ಕೇಳೋಣ. ಶಾಲೆಯ ಗ್ರಂಥಾಲಯಗಳು ಓದಿದ ಪುಸ್ತಕಗಳ ಪಟ್ಟಿಯ ಜೊತೆ ಒಂದು ದೂರಿನ ಪುಸ್ತಕವನ್ನೂ ಇಡಲಿ. ಪತ್ರಿಕೆಗಳ ಮಕ್ಕಳ ಪುಟಗಳು ‘ತುಂಬಾ ಚೆನ್ನಾಗಿದೆ’ ಎಂಬ ಒಂದೇ ಸಾಲಿಗೆ ತೃಪ್ತವಾಗದೆ, ‘ಚೆನ್ನಾಗಿಲ್ಲ, ಯಾಕೆಂದರೆ...’ ಎಂದು ಆರಂಭವಾಗುವ ಪತ್ರಗಳನ್ನೂ ಅಚ್ಚುಹಾಕಲಿ. ಲೇಖಕರು ಅವಕ್ಕೆ ಉತ್ತರ ಬರೆಯಲಿ. ಮುಂದಿನ ಸಲ ಮನೆಯ ಹುಡುಗನೋ ಹುಡುಗಿಯೋ ಪುಸ್ತಕ ಮಡಚಿಟ್ಟು ‘ನಂಗೆ ಮೊದ್ಲೇ ಗೊತ್ತಾಗಿತ್ತು’ ಎಂದರೆ ನಕ್ಕು ಸುಮ್ಮನಾಗಬೇಡಿ. ‘ಹೇಗೆ ಗೊತ್ತಾಯ್ತು?’ ಎಂದು ಕೇಳಿ, ಪೂರ್ತಿ ಹೇಳಿ ಮುಗಿಸುವವರೆಗೆ ಕೂತು ಕೇಳಿ.